ಕೊಲೆಯಾದ ಮೇಲೆ ನೆಲ ಒರೆಸಿದವರು

(ಪದವಿ ಕಾಲೇಜೊಂದರ ಕಾನೂನು ಅರಿವು ಕಾರ್ಯಕ್ರಮದಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಕೊಲೆ ಪ್ರಕರಣಗಳಲ್ಲಿ ಸಾಕ್ಷ್ಯ ನಾಶದ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈಗ ವಿಚಾರಣೆ ನಡೆಯುತ್ತಿರುವ, ಟಿವಿಯಲ್ಲಿ ದಿನಾ ಬರುವ ಪ್ರಕರಣಗಳ ಬಗ್ಗೆ ನಾನು ಏನೂ ಹೇಳುವುದಿಲ್ಲ. ಅದಕ್ಕೇ ಅಂತ ಬಂದವರು ಬೇಜಾರು ಮಾಡಿಕೊಳ್ಳಬೇಡಿ. ತೀರ್ಪು ಬಂದು ಮುಗಿದ ಪ್ರಕರಣಗಳಲ್ಲೇ ಬೇಕಾದಷ್ಟು ವಿಷಯ ಇದೆ.

1995ರ ಜುಲೈ 2ರ ರಾತ್ರಿ. ದೆಹಲಿಯ ಅಶೋಕ್ ಯಾತ್ರಿ ನಿವಾಸ ಹೋಟೆಲಿನ ಆವರಣದಲ್ಲಿ ಬಗಿಯಾ ಅನ್ನುವ ರೆಸ್ಟೋರೆಂಟ್ ಇತ್ತು. ಹೊತ್ತಲ್ಲದ ಹೊತ್ತಿನಲ್ಲಿ ಅಲ್ಲಿಂದ ಹೊಗೆ, ಬೆಂಕಿ ಏಳುತ್ತಿತ್ತು. ಗಸ್ತಿನಲ್ಲಿದ್ದ ಕಾನ್‌ಸ್ಟೆಬಲ್ ಒಬ್ಬರು ಹೋಂಗಾರ್ಡ್ ಜೊತೆ ಒಳಗೆ ಹೋಗಿ ನೋಡಿದರು. ತಂದೂರಿ ಒಲೆಯ ಹತ್ತಿರ ಮ್ಯಾನೇಜರ್ ನಿಂತಿದ್ದ. ಏನು ಸುಡುತ್ತಿದ್ದೀಯಾ ಅಂದರೆ, ರಾಜಕೀಯ ಪಕ್ಷದ ಹಳೇ ಪೋಸ್ಟರ್, ಬ್ಯಾನರ್ ಅಂದ. ಒಲೆಯಲ್ಲಿ ಇದ್ದದ್ದು ನೈನಾ ಸಾಹ್ನಿ ಅವರ ದೇಹ. ಗುಂಡು ಹೊಡೆದು ಕೊಂದವನು ಅವರ ಗಂಡ ಸುಶೀಲ್ ಶರ್ಮಾ. ಕೊಂದದ್ದು ಬೇರೆಲ್ಲೋ ಇದ್ದ ಫ್ಲ್ಯಾಟಿನಲ್ಲಿ. ದೇಹವನ್ನು ಕಾರಿನಲ್ಲಿ ಹಾಕಿಕೊಂಡು ರೆಸ್ಟೋರೆಂಟಿಗೆ ತಂದಿದ್ದ. ಆ ರಾತ್ರಿ ತಪ್ಪಿಸಿಕೊಂಡವನು ಕೆಲವು ದಿನಗಳ ನಂತರ ಪೊಲೀಸರ ಕೈಗೆ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲಿ.

ಸುಶೀಲ್ ಶರ್ಮಾನ ಕಥೆ ಎಲ್ಲರಿಗೂ ಗೊತ್ತು. ಮರಣದಂಡನೆ ಆಯಿತು, 2013ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಜೀವಾವಧಿಗೆ ಇಳಿಸಿತು. ನನಗೆ ಇವತ್ತು ಬೇಕಾಗಿರುವುದು ಆ ಮ್ಯಾನೇಜರ್. ಅವನು ಗುಂಡು ಹೊಡೆದಿಲ್ಲ. ಕೊಲೆ ನಡೆದಾಗ ಫ್ಲ್ಯಾಟಿನಲ್ಲಿ ಇರಲೂ ಇಲ್ಲ. ಯಜಮಾನ ಹೇಳಿದ, ಇವನು ಮಾಡಿದ. ಅವನಿಗೆ 7 ವರ್ಷ ಶಿಕ್ಷೆಯಾಯಿತು. ಆ ಕಲಂ ಅಡಿಯಲ್ಲಿ ಕೊಡಬಹುದಾದ ಗರಿಷ್ಠ ಶಿಕ್ಷೆಯೇ ಅದು.

ಆ ಕಲಂ ಹಳೇ ಭಾರತೀಯ ದಂಡ ಸಂಹಿತೆಯ 201. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆಯಲ್ಲ, ಅದರಲ್ಲಿ ಇದು 238. ನಂಬರ್ ಬದಲಾಗಿದೆ, ತಿರುಳು 1860ರದ್ದೇ. ಒಂದು ಅಪರಾಧ ನಡೆದಿದೆ ಅಂತ ಗೊತ್ತಿದ್ದು, ಅಥವಾ ಹಾಗೆ ನಂಬಲು ಕಾರಣ ಇದ್ದು, ಅಪರಾಧಿಯನ್ನು ಶಿಕ್ಷೆಯಿಂದ ಪಾರು ಮಾಡುವ ಉದ್ದೇಶದಿಂದ ಸಾಕ್ಷ್ಯವನ್ನು ಮಾಯ ಮಾಡಿದರೆ ಅದೇ ಒಂದು ಅಪರಾಧ. ಅದೇ ಉದ್ದೇಶದಿಂದ ಸುಳ್ಳು ಮಾಹಿತಿ ಕೊಟ್ಟರೂ ಅಷ್ಟೇ. ಕಾನೂನಿನ ಪುಸ್ತಕದಲ್ಲೇ ಇದಕ್ಕೆ ಒಂದು ಉದಾಹರಣೆ ಇದೆ. ‘ಬಿ’ ಅನ್ನುವವನು ‘ಝಡ್’ನನ್ನು ಕೊಂದಿದ್ದಾನೆ ಅಂತ ‘ಎ’ಗೆ ಗೊತ್ತು. ‘ಬಿ’ಯನ್ನು ಉಳಿಸಲು ‘ಎ’ ಶವ ಬಚ್ಚಿಡಲು ನೆರವಾಗುತ್ತಾನೆ. ‘ಎ’ಗೆ 7 ವರ್ಷ. ತಂದೂರಿ ಪ್ರಕರಣದ ಮ್ಯಾನೇಜರ್ ಅಕ್ಷರಶಃ ಈ ‘ಎ’.

ಶಿಕ್ಷೆಗೆ ಮೂರು ಮೆಟ್ಟಿಲು ಇದೆ. ಮುಚ್ಚಿಹಾಕಿದ ಅಪರಾಧ ಮರಣದಂಡನೆಗೆ ಅರ್ಹವಾದದ್ದಾದರೆ, ಅಂದರೆ ಕೊಲೆಯಾದರೆ, 7 ವರ್ಷದವರೆಗೆ. ಜೀವಾವಧಿ ಅಥವಾ 10 ವರ್ಷದ ಅಪರಾಧವಾದರೆ 3 ವರ್ಷದವರೆಗೆ. ಕೊಲೆಯಲ್ಲದ ದಂಡನಾರ್ಹ ನರಹತ್ಯೆ, ವರದಕ್ಷಿಣೆ ಸಾವು ಇವೆಲ್ಲ ಈ ಮೆಟ್ಟಿಲಿಗೆ ಬರುತ್ತವೆ. ಅದಕ್ಕಿಂತ ಕಡಿಮೆಯದ್ದಾದರೆ ಮೂಲ ಅಪರಾಧದ ಗರಿಷ್ಠ ಶಿಕ್ಷೆಯ ನಾಲ್ಕನೇ ಒಂದು ಭಾಗ. ಅಜಾಗರೂಕತೆಯಿಂದ ಗಾಡಿ ಓಡಿಸಿ ಒಬ್ಬರ ಸಾವಿಗೆ ಕಾರಣನಾದರೆ ಹೊಸ ಕಾನೂನಿನಲ್ಲಿ 5 ವರ್ಷದವರೆಗೆ ಜೈಲು. ಆ ಗಾಡಿಯ ರಕ್ತ ತೊಳೆದು, ಬಂಪರ್ ಬದಲಾಯಿಸಿ, ಗ್ಯಾರೇಜಿನ ಹಿಂದೆ ನಿಲ್ಲಿಸಿಕೊಟ್ಟವನಿಗೆ ಅದರ ಕಾಲು ಭಾಗ, 15 ತಿಂಗಳು. ಅಂದರೆ ನೀವು ಒರೆಸಿದ್ದು ಅದೇ ರಕ್ತ, ಅದೇ ಬಟ್ಟೆಯಿಂದ. ಆದರೆ ಆ ರಕ್ತ ಹರಿದದ್ದು ಹೇಗೆ ಅನ್ನುವುದರ ಮೇಲೆ ನಿಮ್ಮ ಶಿಕ್ಷೆ ನಿಲ್ಲುತ್ತದೆ.

ಈಗ ನಮ್ಮ ಮನೆಗಳ ವಿಷಯಕ್ಕೆ ಬರೋಣ. ಕೊಲೆ ಮಾಡಿದವನ ಸುತ್ತ ಇರುವವರು ಯಾರು? ಅಪ್ಪ, ಅಮ್ಮ, ಹೆಂಡತಿ, ಭಾವಮೈದ, ಸ್ನೇಹಿತ, ಡ್ರೈವರ್. ‘ಆಗಿದ್ದು ಆಗಿ ಹೋಯ್ತು, ಇವನನ್ನಾದರೂ ಉಳಿಸಿಕೊಳ್ಳೋಣ’ ಅನ್ನುವ ಮಾತು ಬರುವುದು ಅಲ್ಲಿಂದಲೇ. ಅಂಗಿ ನೆನೆಹಾಕುತ್ತಾರೆ. ಮಚ್ಚು ತೊಳೆದು ಅಟ್ಟದ ಮೇಲಿಡುತ್ತಾರೆ. ಕೆರೆಗೋ ಪಾಳು ಬಾವಿಗೋ ಮೊಬೈಲ್ ಎಸೆಯುತ್ತಾರೆ. ಜಾತಿ ಬಿಟ್ಟು ಮದುವೆಯಾದ ಮಗಳ ಶವವನ್ನು ಬೆಳಗಾಗುವುದರೊಳಗೆ ತೋಟದಲ್ಲಿ ಸುಟ್ಟುಬಿಡುತ್ತಾರೆ. ಊರಿಗೆ ಹೊಟ್ಟೆನೋವು, ಹೃದಯಾಘಾತ ಅಂತ ಹೇಳುತ್ತಾರೆ. ಇದೆಲ್ಲ ಮಾಡುವಾಗ ಅವರಿಗೆ ತಾವು ಅಪರಾಧ ಮಾಡುತ್ತಿದ್ದೇವೆ ಅನ್ನಿಸುವುದೇ ಇಲ್ಲ. ಕೊಂದವನು ಅವನು, ನಾವು ಸುಮ್ನೆ ಮನೆ ಮರ್ಯಾದೆ ಕಾಪಾಡಿದೆವು ಅಂದುಕೊಳ್ಳುತ್ತಾರೆ.

ಇಲ್ಲಿ ಕಾನೂನಿನಲ್ಲಿ ಒಂದು ವಿಚಿತ್ರ ಇದೆ. ಕೊಲೆ ಆರೋಪಿಯನ್ನು ಬಚ್ಚಿಟ್ಟುಕೊಂಡರೆ ಅದಕ್ಕೆ ಬೇರೆಯೇ ಕಲಂ ಇದೆ. ಹಳೆಯದು 212, ಈಗಿನದು 249. ಅದಕ್ಕೆ 5 ವರ್ಷದವರೆಗೆ ಶಿಕ್ಷೆ. ಆದರೆ ಅದರಲ್ಲಿ ಒಂದು ವಿನಾಯಿತಿ ಇದೆ: ಬಚ್ಚಿಟ್ಟವರು ಗಂಡ ಅಥವಾ ಹೆಂಡತಿ ಆಗಿದ್ದರೆ ಆ ಕಲಂ ಅನ್ವಯಿಸುವುದಿಲ್ಲ. ಮನೆ ಬಾಗಿಲಿಗೆ ಬಂದ ಗಂಡನನ್ನು ಹೆಂಡತಿ ಆಚೆ ನೂಕಲಿ ಅಂತ ಕಾನೂನು ಬಯಸುವುದಿಲ್ಲ. ಸರಿ, ಮನುಷ್ಯತ್ವದ ಮಾತೇ. ಆದರೆ ಸಾಕ್ಷ್ಯ ನಾಶದ ಕಲಂನಲ್ಲಿ ಈ ವಿನಾಯಿತಿ ಇಲ್ಲ. ಹಾಗಾಗಿ ಗಂಡನನ್ನು ಒಳಕೋಣೆಯಲ್ಲಿ ಕೂರಿಸಿ ಅನ್ನ ಹಾಕಿದ ಹೆಂಡತಿಗೆ ರಕ್ಷಣೆ ಇದೆ. ಅದೇ ಹೆಂಡತಿ ಹಿತ್ತಲಿಗೆ ಹೋಗಿ ಅವನ ರಕ್ತದ ಅಂಗಿಯನ್ನು ಒಲೆಗೆ ಹಾಕಿದರೆ ರಕ್ಷಣೆ ಇಲ್ಲ. ಅಪ್ಪ, ಅಮ್ಮ, ಅಣ್ಣ ತಮ್ಮಂದಿರಿಗಂತೂ ಎರಡರಲ್ಲೂ ವಿನಾಯಿತಿ ಇಲ್ಲ. ಕಕ್ಷಿದಾರರ ಮನೆಯವರಿಗೆ ಇದನ್ನು ಹೇಳಿದಾಗ ಅವರು ನಂಬುವುದಿಲ್ಲ. ‘ಹೆತ್ತವಳು ಸಾರ್, ನಾನು ಮಾಡದೆ ಇನ್ಯಾರು ಮಾಡ್ತಾರೆ’ ಅಂತಾರೆ. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ಕಾನೂನಿನ ಹತ್ತಿರ ಮಾತ್ರ ಇದೆ.

ಇನ್ನು ಈ ಕಲಂನ ಒಳಗಿರುವ ಗಂಟಿನ ಬಗ್ಗೆ ಹೇಳುತ್ತೇನೆ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಜಾಸ್ತಿ ಯೋಚಿಸಬೇಕಾದದ್ದು ಇದೇ. ಸಾಕ್ಷ್ಯ ನಾಶ ಅಂತ ಶಿಕ್ಷೆ ಕೊಡಬೇಕಾದರೆ ಮೊದಲು ಒಂದು ಅಪರಾಧ ನಡೆದಿದೆ ಅಂತ ಸಾಬೀತಾಗಬೇಕು. ಅಪರಾಧಿ ಯಾರು ಅಂತ ಸಾಬೀತಾಗಲೇಬೇಕು ಅಂತಿಲ್ಲ. ಆದರೆ ಅಪರಾಧ ಆಗಿರಲೇಬೇಕು. ಹಾಗಾದರೆ ಸಾಕ್ಷ್ಯವನ್ನು ಎಷ್ಟು ಚೆನ್ನಾಗಿ ನಾಶ ಮಾಡಿದರೆ ನಾಶ ಮಾಡಿದ ಅಪರಾಧವೂ ಅಷ್ಟೇ ಚೆನ್ನಾಗಿ ಕೈತಪ್ಪಿ ಹೋಗುತ್ತದೆ, ಅಲ್ವಾ?

ಇದು ಬರೀ ತರ್ಕ ಅಂದುಕೊಳ್ಳಬೇಡಿ. 1952ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಪಲ್ವಿಂದರ್ ಕೌರ್ ಪ್ರಕರಣ ಬಂತು. ಪಂಜಾಬಿನದು. ಆಕೆಯ ಗಂಡನ ಶವ ಟ್ರಂಕಿನೊಳಗೆ, ಒಂದು ಬಾವಿಯಲ್ಲಿ ಸಿಕ್ಕಿತ್ತು. ಅಷ್ಟು ಹೊತ್ತಿಗೆ ಶವ ಎಷ್ಟು ಕೊಳೆತಿತ್ತು ಅಂದರೆ ಸಾವಿನ ಕಾರಣ ಹೇಳಲು ವೈದ್ಯರಿಗೆ ಆಗಲಿಲ್ಲ. ವಿಷ ಹಾಕಿ ಕೊಂದರು ಅನ್ನುವುದು ಆರೋಪ. ಸೆಷನ್ಸ್ ಕೋರ್ಟ್ ಕೊಲೆ ಅಂದಿತು. ಹೈಕೋರ್ಟ್ ಕೊಲೆ ಆರೋಪ ಬಿಟ್ಟು 201ರ ಅಡಿಯಲ್ಲಿ ಮಾತ್ರ ಶಿಕ್ಷೆ ಕೊಟ್ಟಿತು. ಆಕೆ ಕೊಟ್ಟಿದ್ದ ಹೇಳಿಕೆಯಲ್ಲಿ ಎರಡು ವಿಷಯ ಇತ್ತು. ಒಂದು, ಗಂಡ ಫೋಟೋ ತೊಳೆಯುವ ದ್ರಾವಣವನ್ನು ಔಷಧಿ ಅಂದುಕೊಂಡು ತಪ್ಪಾಗಿ ಕುಡಿದು ಸತ್ತ. ಎರಡು, ಆಮೇಲೆ ಹೆದರಿ ಶವವನ್ನು ಟ್ರಂಕಿಗೆ ಹಾಕಿದೆವು. ಹೈಕೋರ್ಟ್ ಎರಡನೆಯದನ್ನು ನಂಬಿ ಮೊದಲನೆಯದನ್ನು ಬಿಟ್ಟಿತ್ತು. ಹಾಗೆ ಅರ್ಧ ತೆಗೆದುಕೊಂಡು ಅರ್ಧ ಎಸೆಯಲು ಬರುವುದಿಲ್ಲ ಅಂದಿತು ಸುಪ್ರೀಂ ಕೋರ್ಟ್. ಕೊಲೆಯೋ, ಆತ್ಮಹತ್ಯೆಯೋ, ಆಕಸ್ಮಿಕವೋ ಅಂತಲೇ ಗೊತ್ತಿಲ್ಲದಿದ್ದರೆ ಯಾವ ಅಪರಾಧದ ಸಾಕ್ಷ್ಯ ನಾಶ ಆಯಿತು? ಅನುಮಾನ ಎಷ್ಟೇ ಬಲವಾಗಿದ್ದರೂ ಅದು ಸಾಕ್ಷ್ಯ ಆಗುವುದಿಲ್ಲ. ಆಕೆ ಬಿಡುಗಡೆಯಾದರು.

ಈ ತೀರ್ಪಿಗೆ ಸಿಟ್ಟು ಬರುವುದು ಸಹಜ. ಟ್ರಂಕು, ಬಾವಿ ಅಂದ ಮೇಲೆ ಇನ್ನೇನು ಬೇಕು ಅನ್ನಿಸುತ್ತದೆ. ನನಗೆ ತೀರ್ಪು ಸರಿ ಅನ್ನಿಸುತ್ತದೆ. ಹೆದರಿಕೆಯಿಂದ ಶವ ಮುಚ್ಚಿಟ್ಟವರೆಲ್ಲ ಕೊಲೆ ಮುಚ್ಚಿಟ್ಟವರು ಅಂದುಬಿಟ್ಟರೆ, ಆತ್ಮಹತ್ಯೆಯಾದ ಮನೆಯಲ್ಲಿ ಮರ್ಯಾದೆಗೆ ಅಂಜಿ ಬೇಗ ಸಂಸ್ಕಾರ ಮಾಡಿದವರೂ ಜೈಲಿಗೆ ಹೋಗಬೇಕಾಗುತ್ತದೆ. ಅಂಥ ಪ್ರಕರಣಗಳೂ ಕೋರ್ಟಿಗೆ ಬರುತ್ತವೆ.

ಹಾಗಂತ ಕೋರ್ಟುಗಳು ಕೈಕಟ್ಟಿ ಕೂತಿಲ್ಲ. ಶವ ಸಿಗಲೇಬೇಕು ಅಂತ ಏನಿಲ್ಲ ಅಂತ 1981ರಲ್ಲಿ ರಾಮಾನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಶವ ಸಿಗದಂತೆ ಮಾಡುವ ಜಾಣನಿಗೆ ಅದೇ ಬಹುಮಾನ ಆಗಬಾರದಲ್ಲ. ಬೇರೆ ಸಾಂದರ್ಭಿಕ ಸಾಕ್ಷ್ಯಗಳು ಗಟ್ಟಿಯಾಗಿದ್ದರೆ ಶವ ಇಲ್ಲದೆಯೂ ಕೊಲೆ ಸಾಬೀತಾಗಬಹುದು. ಇನ್ನೊಂದು, ನಾಲ್ಕು ಗೋಡೆಯ ಒಳಗೆ ನಡೆದದ್ದು ಒಳಗಿದ್ದವನಿಗೆ ಮಾತ್ರ ಗೊತ್ತು. ಅವನೇ ವಿವರಣೆ ಕೊಡಬೇಕು. ಇದು ಹಳೇ ಸಾಕ್ಷ್ಯ ಕಾಯಿದೆಯ 106, ಹೊಸದರಲ್ಲಿ 109. ವಿವರಣೆ ಕೊಡದಿದ್ದರೆ, ಅಥವಾ ಕೊಟ್ಟದ್ದು ಸುಳ್ಳು ಅಂತ ಗೊತ್ತಾದರೆ, ಉಳಿದ ಸಾಕ್ಷ್ಯದ ಸರಪಳಿಗೆ ಅದೂ ಒಂದು ಕೊಂಡಿ. ಘಟನೆಯ ನಂತರದ ನಡತೆಯನ್ನೂ ಕೋರ್ಟ್ ನೋಡುತ್ತದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತೇವಲ್ಲ, ಅದಕ್ಕೆ ಸಾಕ್ಷ್ಯ ಕಾನೂನಿನಲ್ಲಿ ಒಂದು ಕಲಂ ಇದೆ.

ಬೆಂಗಳೂರಿನ ಪ್ರಕರಣ ನೋಡಿ. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳು ಶಾಕೆರೆ ಖಲೀಲಿ. ರಿಚ್ಮಂಡ್ ರಸ್ತೆಯಲ್ಲಿ ದೊಡ್ಡ ಮನೆ. ಎರಡನೇ ಗಂಡ ಮುರಳಿ ಮನೋಹರ ಮಿಶ್ರಾ, ಸ್ವಾಮಿ ಶ್ರದ್ಧಾನಂದ ಅಂತ ಕರೆಸಿಕೊಳ್ಳುತ್ತಿದ್ದವನು. 1991ರ ಮೇ ತಿಂಗಳ ನಂತರ ಆಕೆಯನ್ನು ಯಾರೂ ನೋಡಲಿಲ್ಲ. ಮಗಳು ಕೇಳಿದಾಗಲೆಲ್ಲ ಅವನು ಒಂದೊಂದು ಕಥೆ ಹೇಳಿದ. ಅಲ್ಲಿ ಹೋಗಿದ್ದಾಳೆ, ಇಲ್ಲಿ ಹೋಗಿದ್ದಾಳೆ, ವಿದೇಶದಲ್ಲಿದ್ದಾಳೆ. 1992ರಲ್ಲಿ ಅಶೋಕನಗರ ಠಾಣೆಗೆ ದೂರು ಹೋಯಿತು. ಸುಮಾರು ಎರಡು ವರ್ಷ ಏನೂ ಆಗಲಿಲ್ಲ. ಆಮೇಲೆ ಪ್ರಕರಣ ಕೇಂದ್ರ ಅಪರಾಧ ವಿಭಾಗಕ್ಕೆ ಹೋಯಿತು, 1994ರ ಮಾರ್ಚ್ 30ರಂದು ಅದೇ ಮನೆಯ ಅಂಗಳ ಅಗೆದರು. ಜಾಗ ತೋರಿಸಿದವನು ಅವನೇ. ಮಣ್ಣಿನಡಿ ಮರದ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಅಸ್ಥಿಪಂಜರ. ಅಗೆದದ್ದನ್ನು ವಿಡಿಯೋ ಮಾಡಿದ್ದರು. 1994ರಲ್ಲಿ ಅದೇನು ಮಾಮೂಲಿ ಕೆಲಸ ಆಗಿರಲಿಲ್ಲ. ತಲೆಬುರುಡೆಯನ್ನು ಫೋಟೋದ ಮೇಲೆ ಹೊಂದಿಸಿ ನೋಡಿದರು, ಡಿಎನ್‌ಎ ಪರೀಕ್ಷೆ ಮಾಡಿಸಿದರು. ಪೆಟ್ಟಿಗೆ ಮಾಡಿಸಿದ್ದು, ಗುಂಡಿ ತೋಡಿಸಿದ್ದು ಎಲ್ಲ ಸಾವಿಗೆ ಮುಂಚೆಯೇ ಅನ್ನುವುದು ಸಾಕ್ಷಿಗಳಿಂದ ಹೊರಬಂತು.

ಇಲ್ಲಿ ಗಮನಿಸಿ. ಬಚ್ಚಿಡಲು ಮಾಡಿದ ಸಿದ್ಧತೆಯೇ ಕೊಲೆಗೆ ಸಾಕ್ಷಿಯಾಯಿತು. ಹೃದಯ ನಿಂತು ಸತ್ತವರಿಗೆ ಯಾರೂ ಮುಂಗಡ ಕೊಟ್ಟು ಪೆಟ್ಟಿಗೆ ಮಾಡಿಸುವುದಿಲ್ಲ. ಪಲ್ವಿಂದರ್ ಪ್ರಕರಣದಲ್ಲಿ ಇಲ್ಲದೆ ಹೋದ ಕೊಂಡಿ ಇದು. ಕೊಲೆ, ಸಾಕ್ಷ್ಯ ನಾಶ ಎರಡಕ್ಕೂ ಅವನಿಗೆ ಶಿಕ್ಷೆಯಾಯಿತು. ಮರಣದಂಡನೆಯನ್ನು 2008ರಲ್ಲಿ ಸುಪ್ರೀಂ ಕೋರ್ಟ್ ಬದಲಾಯಿಸಿ, ಬದುಕಿರುವವರೆಗೆ ಬಿಡುಗಡೆ ಇಲ್ಲದ ಜೀವಾವಧಿ ಶಿಕ್ಷೆ ಕೊಟ್ಟಿತು. ಕೊಂದವನ ಮೇಲೆಯೇ ಸಾಕ್ಷ್ಯ ನಾಶದ ಆರೋಪವನ್ನೂ ಹೊರಿಸಬಹುದಾ ಅಂತ ಕೆಲವರಿಗೆ ಅನುಮಾನ. ಹೊರಿಸಬಹುದು. 1953ರ ಕಲಾವತಿ ಪ್ರಕರಣದಿಂದಲೂ ಇದು ಇತ್ಯರ್ಥವಾಗಿರುವ ವಿಷಯ.

ಅವನೇ ಜಾಗ ತೋರಿಸಿದ ಅಂದೆನಲ್ಲ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಗೆ ಕೋರ್ಟಿನಲ್ಲಿ ಬೆಲೆ ಇಲ್ಲ. ಆದರೆ ಆರೋಪಿ ಹೇಳಿದ್ದರಿಂದ ಒಂದು ವಸ್ತು ಪತ್ತೆಯಾದರೆ, ಪತ್ತೆಗೆ ಕಾರಣವಾದ ಅಷ್ಟು ಮಾತು ಮಾತ್ರ ಒಪ್ಪಿತ. ‘ಚಾಕುವನ್ನು ಹುಣಸೆಮರದ ಬುಡದಲ್ಲಿ ಹೂತಿದ್ದೇನೆ’ ಅನ್ನುವುದು ನಿಲ್ಲುತ್ತದೆ. ‘ಅದರಿಂದಲೇ ಚುಚ್ಚಿದೆ’ ಅನ್ನುವುದು ಬಿದ್ದುಹೋಗುತ್ತದೆ. 1947ರ ಪುಲುಕುರಿ ಕೋಟಯ್ಯ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್, ಅಂದರೆ ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ಕೋರ್ಟ್, ಹಾಕಿದ ಈ ಗೆರೆಯನ್ನು ಇವತ್ತಿಗೂ ಯಾರೂ ಅಳಿಸಿಲ್ಲ.

ಇನ್ನು ಒರೆಸುವುದರ ಬಗ್ಗೆ. ಫಿನಾಯಿಲ್ ಹಾಕಿ ಮೂರು ಸಲ ಒರೆಸಿದರೆ ಎಲ್ಲ ಹೋಯಿತು ಅಂದುಕೊಳ್ಳುತ್ತಾರೆ. ಹೋಗುವುದಿಲ್ಲ. ಟೈಲ್ಸ್ ಸಂದಿಯೊಳಗೆ ಇಳಿದಿರುತ್ತದೆ. ಬಾಗಿಲ ಚೌಕಟ್ಟಿನ ಕೆಳಗೆ, ಮಂಚದ ಕಾಲಿನ ಬುಡದಲ್ಲಿ, ಚಾಕುವಿನ ಅಲಗು ಹಿಡಿಗೆ ಸೇರುವ ಜಾಗದಲ್ಲಿ ಉಳಿದಿರುತ್ತದೆ. ಕತ್ತಲು ಮಾಡಿ ಲ್ಯೂಮಿನಾಲ್ ಅನ್ನುವ ರಾಸಾಯನಿಕ ಸಿಂಪಡಿಸಿದರೆ ರಕ್ತ ಇದ್ದ ಜಾಗ ನೀಲಿಯಾಗಿ ಹೊಳೆಯುತ್ತದೆ. ಬ್ಲೀಚಿಂಗ್ ಪೌಡರ್ ಹಾಕಿದ್ದರೆ ಅದೂ ಹೊಳೆಯುತ್ತದೆ, ಹಾಗಾಗಿ ಲ್ಯಾಬಿನಲ್ಲಿ ಖಚಿತ ಮಾಡಿಕೊಳ್ಳಲೇಬೇಕು. ಆದರೆ ಮಲಗುವ ಕೋಣೆಯ ಒಂದೇ ಮೂಲೆಯಲ್ಲಿ ಯಾಕೆ ಬ್ಲೀಚಿಂಗ್ ಪೌಡರ್ ಹಾಕಿದಿರಿ ಅನ್ನುವ ಪ್ರಶ್ನೆ ಹುಟ್ಟುತ್ತದೆ. ಅದಕ್ಕೂ ಉತ್ತರ ಬೇಕು.

ನಿಜ ಹೇಳಬೇಕು ಅಂದರೆ, ಸಾಕ್ಷ್ಯ ಜಾಸ್ತಿ ಹಾಳಾಗುವುದು ಅಪರಾಧಿಗಳ ಜಾಣತನದಿಂದ ಅಲ್ಲ ಅಂತ ನನಗೆ ಅನ್ನಿಸುತ್ತದೆ. ಊರಿನವರೆಲ್ಲ ಸ್ಥಳಕ್ಕೆ ನುಗ್ಗಿ ತುಳಿಯುತ್ತಾರೆ. ಮೊಬೈಲ್ ಹಿಡಿದು ವಿಡಿಯೋ ಮಾಡುತ್ತಾರೆ. ಯಾರೋ ಪಾಪ ಅಂತ ಶವಕ್ಕೆ ಬಟ್ಟೆ ಹೊದಿಸುತ್ತಾರೆ. ಪೊಲೀಸರು ರಕ್ತ ಹತ್ತಿದ ಹಸಿ ಅಂಗಿಯನ್ನು ಪ್ಲಾಸ್ಟಿಕ್ ಕವರಿಗೆ ತುಂಬುತ್ತಾರೆ. ಬೆಂಗಳೂರಿನ ಮಡಿವಾಳದ ಎಫ್‌ಎಸ್‌ಎಲ್‌ಗೆ, ಅಂದರೆ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ, ಹೋಗುವಷ್ಟರಲ್ಲಿ ಅದು ಬೂಷ್ಟು ಹಿಡಿದಿರುತ್ತದೆ. ನೆರಳಿನಲ್ಲಿ ಒಣಗಿಸಿ, ಕಾಗದದ ಲಕೋಟೆಯಲ್ಲಿಟ್ಟು, ಪಂಚರ, ಅಂದರೆ ಜಪ್ತಿಗೆ ಸಾಕ್ಷಿಯಾಗಿ ಕರೆಸಿದವರ, ಸಹಿ ಹಾಕಿಸಿ, ಅರಗಿನ ಮುದ್ರೆ ಒತ್ತಬೇಕು. ಮಹಜರಿನಲ್ಲಿ ‘ಒಂದು ನೀಲಿ ಅಂಗಿ’ ಅಂತ ಬರೆದು, ಕೋರ್ಟಿನಲ್ಲಿ ಗಂಟು ಬಿಚ್ಚಿದಾಗ ಹಸಿರು ಅಂಗಿ ಬಂದರೆ ಆರೋಪಿ ಪರ ವಕೀಲರಿಗೆ ಅಷ್ಟು ಸಾಕು.

2008ರಲ್ಲಿ ಆರುಷಿ ಅನ್ನುವ ಹುಡುಗಿ ತನ್ನ ಮನೆಯಲ್ಲೇ ಕೊಲೆಯಾದ ಪ್ರಕರಣ ನೆನಪಿದೆಯಾ? ನೊಯಿಡಾದ ಆ ಫ್ಲ್ಯಾಟಿಗೆ ಮೊದಲ ದಿನವೇ ಜನವೋ ಜನ. ಮನೆಕೆಲಸದ ಹೇಮರಾಜ್ ಮೇಲೆ ಅನುಮಾನ ಪಟ್ಟು ಹುಡುಕಾಟ ನಡೆದಿತ್ತು. ಅವರ ಶವ ಮರುದಿನ ಅದೇ ಕಟ್ಟಡದ ಟೆರೇಸ್ ಮೇಲೆ ಸಿಕ್ಕಿತು. ಟೆರೇಸಿನ ಬಾಗಿಲಿಗೆ ಬೀಗ ಇತ್ತು, ಮೊದಲ ದಿನ ತೆಗೆಸಿರಲಿಲ್ಲ. 2013ರಲ್ಲಿ ಆರುಷಿಯ ತಂದೆ ತಾಯಿಗೆ ಕೊಲೆ, ಸಾಕ್ಷ್ಯ ನಾಶ ಎರಡಕ್ಕೂ ಶಿಕ್ಷೆಯಾಯಿತು. 2017ರಲ್ಲಿ ಅಲಹಾಬಾದ್ ಹೈಕೋರ್ಟ್ ಇಬ್ಬರನ್ನೂ ಬಿಡುಗಡೆ ಮಾಡಿತು. ಮೊದಲ 24 ಗಂಟೆಯಲ್ಲಿ ಕಳೆದುಹೋದದ್ದನ್ನು ಆಮೇಲೆ ಯಾವ ತನಿಖಾ ಸಂಸ್ಥೆಯೂ ತರಲಾರದು.

ಹೊಸ ಕಾನೂನಿನಲ್ಲಿ ನನಗೆ ಇಷ್ಟವಾದ ಭಾಗ ಇಲ್ಲೇ ಇದೆ. 7 ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಲೇಬೇಕು, ವಿಡಿಯೋ ಮಾಡಿಸಬೇಕು ಅನ್ನುತ್ತದೆ ತನಿಖೆ, ವಿಚಾರಣೆಯ ವಿಧಾನ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೇ ಕಲಂ. ಜಾರಿಗೆ ತರಲು ರಾಜ್ಯಗಳಿಗೆ 5 ವರ್ಷ ಕಾಲಾವಕಾಶ ಇದೆ. ಶೋಧನೆ, ಜಪ್ತಿಯನ್ನೂ ವಿಡಿಯೋ ಮಾಡಬೇಕು. ಪಂಚರು ಠಾಣೆಯಲ್ಲೇ ಕೂತು ಸಹಿ ಹಾಕಿದರು ಅನ್ನುವ ಹಳೇ ವಾದಕ್ಕೆ ಇದರಿಂದ ಸ್ವಲ್ಪ ಲಗಾಮು ಬೀಳಬಹುದು.

ಪೊಲೀಸರೇ ಬೇಕೆಂದು ಸಾಕ್ಷ್ಯ ಕೆಡಿಸಿದರೆ? ಅದಕ್ಕೂ ಕಾನೂನಿದೆ. ಯಾರನ್ನೋ ಉಳಿಸಲು ಸರ್ಕಾರಿ ನೌಕರ ಸುಳ್ಳು ದಾಖಲೆ ಬರೆದರೆ ಹಳೇ 218, ಈಗಿನ 256ರ ಅಡಿಯಲ್ಲಿ 3 ವರ್ಷದವರೆಗೆ ಶಿಕ್ಷೆ. ಜೊತೆಗೆ ಸಾಕ್ಷ್ಯ ನಾಶದ ಕಲಂ ಇದ್ದೇ ಇದೆ. 1975ರಲ್ಲಿ ಸುಪ್ರೀಂ ಕೋರ್ಟ್ ಆಂಧ್ರದ ಕೊಡಾಲಿ ಪೂರ್ಣಚಂದ್ರ ರಾವ್ ಪ್ರಕರಣದಲ್ಲಿ ಇದನ್ನೇ ಹೇಳಿತು. ಒಬ್ಬ ಮಹಿಳೆಯ ಸಾವಿನ ಬಗ್ಗೆ ಸುಳ್ಳು ದಾಖಲೆ ಸೃಷ್ಟಿಸಿ ಮುಚ್ಚಿಹಾಕಿದ ಪೊಲೀಸ್ ಅಧಿಕಾರಿಯ ಶಿಕ್ಷೆಯನ್ನು ಎತ್ತಿಹಿಡಿಯಿತು. ಅಪರಾಧ ನಡೆದಿದೆ ಅಂತ ಅವರಿಗೆ ಗೊತ್ತಿತ್ತು ಅನ್ನುವುದನ್ನು ನೇರ ಸಾಕ್ಷ್ಯದಿಂದಲೇ ತೋರಿಸಬೇಕಿಲ್ಲ, ಸಂದರ್ಭದಿಂದಲೂ ತೋರಿಸಬಹುದು ಅಂದಿತು. ಪುಟಗಟ್ಟಲೆ ಚಾರ್ಜ್‌ಶೀಟ್ ಹಾಕುವ ನಮ್ಮ ವ್ಯವಸ್ಥೆ ತನ್ನವರ ಮೇಲೆ ಈ ಕಲಂ ಹಾಕುವುದು ಮಾತ್ರ ಅಪರೂಪ.

ಶಿಕ್ಷೆ ಸಾಕಾ? ಇದರ ಬಗ್ಗೆ ನನಗೆ ತಕರಾರಿದೆ. ಕೊಲೆಯ ಸಾಕ್ಷ್ಯ ನಾಶಕ್ಕೆ 7 ವರ್ಷ ಅಂದೆ. ಆದರೆ ಅದು ಜಾಮೀನು ಸಿಗುವ ಅಪರಾಧ. ಅಂದರೆ ಬರೀ ಇದೊಂದೇ ಆರೋಪ ಇದ್ದರೆ ಜಾಮೀನು ಆರೋಪಿಯ ಹಕ್ಕು. ಹೆದರಿದ ಹೆಂಗಸಿಗೆ, ಯಜಮಾನನ ಮಾತು ಮೀರಲಾರದ ಕೆಲಸದವನಿಗೆ ಇದು ನ್ಯಾಯವೇ. ಆದರೆ ದುಡ್ಡಿದ್ದವನು ತನ್ನ ಬದಲು ನಾಲ್ಕು ಜನರನ್ನು ಮುಂದೆ ಬಿಡುವ ಪ್ರಕರಣದಲ್ಲಿ ಅದೇ ಅನುಕೂಲ ಅವನಿಗೂ ಆಗುತ್ತದೆ.

1999ರ ಏಪ್ರಿಲ್ ಕೊನೆಯಲ್ಲಿ ದೆಹಲಿಯಲ್ಲಿ ಜೆಸ್ಸಿಕಾ ಲಾಲ್ ಕೊಲೆಯಾಯಿತು. ಪಿಸ್ತೂಲು ಕೊನೆಗೂ ಸಿಗಲಿಲ್ಲ. ಗುಂಡು ಹೊಡೆದ ಮನು ಶರ್ಮಾನ ಟಾಟಾ ಸಫಾರಿ ಕಾರನ್ನು ಸ್ಥಳದಿಂದ ಸಾಗಿಸಿದ್ದಕ್ಕೆ ವಿಕಾಸ್ ಯಾದವ್ ಮತ್ತು ಇನ್ನೊಬ್ಬನಿಗೆ 2006ರಲ್ಲಿ ದೆಹಲಿ ಹೈಕೋರ್ಟ್ 4 ವರ್ಷ ಶಿಕ್ಷೆ ಕೊಟ್ಟಿತು. ಆ ಪ್ರಕರಣ ಇನ್ನೂ ನಡೆಯುತ್ತಿರುವಾಗಲೇ, 2002ರ ಫೆಬ್ರುವರಿಯಲ್ಲಿ, ಇದೇ ವಿಕಾಸ್ ಯಾದವ್ ನಿತೀಶ್ ಕಟಾರಾ ಎಂಬ ಯುವಕನನ್ನು ಗಾಜಿಯಾಬಾದಿನ ಮದುವೆಯೊಂದರಿಂದ ಕರೆದೊಯ್ದು ಕೊಂದ. ಶವವನ್ನು ಗುರುತು ಸಿಗದಂತೆ ಸುಟ್ಟಿದ್ದರು. ತಾಯಿ ಅಂಗೈ ನೋಡಿ ಗುರುತಿಸಿದರು, ಡಿಎನ್‌ಎ ಅದನ್ನು ಖಚಿತಪಡಿಸಿತು. 2015ರಲ್ಲಿ ದೆಹಲಿ ಹೈಕೋರ್ಟ್ 25 ವರ್ಷ, ಅದು ಮುಗಿದ ಮೇಲೆ ಸಾಕ್ಷ್ಯ ನಾಶಕ್ಕೆ ಇನ್ನೂ 5 ವರ್ಷ, ಒಟ್ಟು 30 ಅಂದಿತು. 2016ರಲ್ಲಿ ಸುಪ್ರೀಂ ಕೋರ್ಟ್ ಎರಡೂ ಒಟ್ಟಿಗೇ ನಡೆಯಲಿ ಅಂದಿತು. 30 ಹೋಗಿ 25 ಉಳಿಯಿತು. ಒಂದು ಕೊಲೆಗೆ 25 ವರ್ಷ ಕಡಿಮೆ ಏನಲ್ಲ, ಒಪ್ಪುತ್ತೇನೆ. ಆದರೆ ಶವ ಸುಟ್ಟದ್ದಕ್ಕೆ ಅಂತ ಅವನು ಒಂದು ದಿನವೂ ಜಾಸ್ತಿ ಒಳಗಿರಬೇಕಾಗಿಲ್ಲ. ಕೊಂದ ಮೇಲೆ ಸಾಕ್ಷ್ಯ ಉಳಿಸಿದರೂ ಅಷ್ಟೇ, ಸುಟ್ಟರೂ ಅಷ್ಟೇ ಅಂದರೆ ಕೊಂದವನು ಯಾಕೆ ಸುಡದೆ ಬಿಟ್ಟಾನು? ಹೈಕೋರ್ಟ್ ಹಾಕಿದ ಲೆಕ್ಕವೇ ನನಗೆ ಹೆಚ್ಚು ಸರಿ ಅನ್ನಿಸುತ್ತದೆ.

ಇಷ್ಟು ಹೇಳಿ ಪ್ರಶ್ನೆಗಳಿಗೆ ಬಿಟ್ಟೆ. ಬಂದದ್ದರಲ್ಲಿ ಕೆಲವು:

ಒಬ್ಬ ವಿದ್ಯಾರ್ಥಿನಿ: “ಸರ್, ವಾಟ್ಸ್ಯಾಪ್ ಚಾಟ್ ಡಿಲೀಟ್ ಮಾಡಿದರೆ ಇದೇ ಕೇಸ್ ಬೀಳುತ್ತಾ?”

ಕೊಲೆ ವಿಷಯ ಗೊತ್ತಿದ್ದು, ಯಾರನ್ನೋ ಉಳಿಸಲು ಅಂತಲೇ ಅಳಿಸಿದರೆ ಬೀಳುತ್ತದೆ. ಇದಲ್ಲದೆ ದಾಖಲೆ, ಎಲೆಕ್ಟ್ರಾನಿಕ್ ದಾಖಲೆ ನಾಶಕ್ಕೆ ಬೇರೆ ಕಲಂ ಇದೆ, ಹಳೇ 204, ಈಗ 241. ಮೊದಲು 2 ವರ್ಷ ಇತ್ತು, ಈಗ 3 ಮಾಡಿದ್ದಾರೆ. ಸಿಸಿಟಿವಿಯ ಡಿವಿಆರ್, ಅಂದರೆ ದೃಶ್ಯ ದಾಖಲಾಗುವ ಪೆಟ್ಟಿಗೆ, ಕಿತ್ತು ಎಸೆಯುವುದೂ ಇದಕ್ಕೆ ಬರುತ್ತದೆ. ಮೆಮೊರಿ ತುಂಬಿ ಹಳೇ ದೃಶ್ಯ ತಾನಾಗಿ ಅಳಿಸಿಹೋದರೆ ಅಪರಾಧ ಅಲ್ಲ, ಉದ್ದೇಶ ಇರಬೇಕು. ನಿಮ್ಮ ಅಂಗಡಿ ಎದುರು ಏನಾದರೂ ಘಟನೆ ನಡೆದರೆ ಅದೇ ದಿನ ದೃಶ್ಯ ಕಾಪಿ ಮಾಡಿಟ್ಟುಕೊಳ್ಳಿ. ಪೊಲೀಸರು ಬರುವುದು ತಡ ಆಗಬಹುದು, ಡಿವಿಆರ್ ಕಾಯುವುದಿಲ್ಲ.

ಪಂಚಾಯಿತಿ ಸದಸ್ಯರೊಬ್ಬರು: “ನಾವು ಏನೂ ಮಾಡಿಲ್ಲ, ನೋಡಿ ಸುಮ್ಮನಿದ್ದೆವು ಅಂದರೆ?”

ಸುಮ್ಮನಿರುವುದು ಸಾಕ್ಷ್ಯ ನಾಶ ಅಲ್ಲ. ಆದರೆ ಕೊಲೆ ನಡೆದದ್ದು ಗೊತ್ತಾದರೆ ಹತ್ತಿರದ ಪೊಲೀಸರಿಗೋ ಮ್ಯಾಜಿಸ್ಟ್ರೇಟರಿಗೋ ತಿಳಿಸುವುದು ಪ್ರತಿಯೊಬ್ಬರ ಕರ್ತವ್ಯ ಅಂತ ಕಾನೂನು ಹೇಳುತ್ತದೆ. ಹೇಳದಿರಲು ಸರಿಯಾದ ಕಾರಣ ಇತ್ತು ಅಂತ ತೋರಿಸುವ ಹೊಣೆಯೂ ನಿಮ್ಮದೇ. ಬೇಕೆಂದೇ ತಿಳಿಸದಿದ್ದರೆ 6 ತಿಂಗಳವರೆಗೆ ಜೈಲು. ಹಳ್ಳಿಯಲ್ಲಿ ಅನುಮಾನಾಸ್ಪದ ಸಾವಾದರೆ ಗ್ರಾಮದ ಕೆಲಸ ನೋಡುವ ಅಧಿಕಾರಿಗಳಿಗೆ, ಗ್ರಾಮಸ್ಥರಿಗೆ ಪ್ರತ್ಯೇಕವಾಗಿ ಈ ಹೊಣೆ ಇದೆ. ಶವ ಸುಡುವ ಮುಂಚೆ ಒಂದು ಫೋನ್ ಮಾಡಿ. ಸುಟ್ಟ ಮೇಲೆ ಹೇಳಿದರೆ ತನಿಖೆಗೆ ಉಳಿಯುವುದು ಬೂದಿ. ಹೂತಿದ್ದರೆ ಮ್ಯಾಜಿಸ್ಟ್ರೇಟರ ಆದೇಶದ ಮೇಲೆ ಹೊರತೆಗೆಯಬಹುದು.

ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು: “ಹೆದರಿ ಏನೋ ಮಾಡಿಬಿಟ್ಟ ಹುಡುಗ, ಆಮೇಲೆ ಬಂದು ನಿಜ ಹೇಳಿದರೆ ಅವನಿಗೆ ದಾರಿ ಉಂಟಾ ಸ್ವಾಮಿ?”

ಉಂಟು. ಮೊದಲು ವಕೀಲರನ್ನು ನೋಡಲಿ, ಸೀದಾ ಠಾಣೆಗೆ ಹೋಗಿ ಬಾಯಿಗೆ ಬಂದದ್ದು ಹೇಳುವುದು ಬೇಡ. ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಡಬಹುದು. ಅವನ ಪಾತ್ರ ಸಣ್ಣದಾಗಿದ್ದು, ಅವನ ಮಾತಿಲ್ಲದೆ ಮುಖ್ಯ ಆರೋಪಿಯನ್ನು ಹಿಡಿಯುವುದು ಕಷ್ಟ ಅಂತಿದ್ದರೆ, ಕೋರ್ಟ್ ಅವನಿಗೆ ಕ್ಷಮಾದಾನ ಕೊಟ್ಟು ಮಾಫಿ ಸಾಕ್ಷಿ ಮಾಡಬಹುದು. ಷರತ್ತು ಒಂದೇ: ಗೊತ್ತಿರುವುದನ್ನೆಲ್ಲ ಪೂರ್ತಿ, ನಿಜವಾಗಿ ಹೇಳಬೇಕು. ಅರ್ಧ ಹೇಳಿ ಅರ್ಧ ನುಂಗಿದರೆ ಕ್ಷಮೆ ಹೋಗುತ್ತದೆ, ಮೊದಲಿನ ಆರೋಪದ ಮೇಲೇ ವಿಚಾರಣೆ ಶುರುವಾಗುತ್ತದೆ.